ಚೆಂಡು ಕೈಗೆ ಬಾರದ ಮಕ್ಕಳು: ಹುಬ್ಬಳ್ಳಿಯ ಒಂದು ಸಾಫ್ಟ್‌ಬಾಲ್ ತಂಡದ ಪ್ರಕರಣ ಅಧ್ಯಯನ

ಇದು ಹುಬ್ಬಳ್ಳಿಯ ಒಂದು ಶಾಲೆಯ ಮೈದಾನದಲ್ಲಿ ನಡೆದದ್ದು. ಶಾಲೆ, ಬಡಾವಣೆ, ಕೋಚ್, ಮಕ್ಕಳು, ಯಾರ ಹೆಸರನ್ನೂ ಹೇಳಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಶನಿವಾರಗಳಲ್ಲಿ ನಾನು ಈ ತಂಡದ ಜೊತೆ ಇರುತ್ತಿದ್ದೆ. ಸಾಮಾನು ತೆಗೆದಿಡುವುದು, ಸ್ಕೋರ್ ಬರೆಯುವುದು ನನ್ನ ಕೆಲಸ. ತೀರ್ಮಾನಗಳೆಲ್ಲ ಕೋಚ್ ಅವರವು. ಮಕ್ಕಳಿಗೆ ಆಟ ಕಲಿಸುವ ಇನ್ನೊಬ್ಬರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ನಮ್ಮ ಕಡೆ ಮಕ್ಕಳ ಕೈಗೆ ಬ್ಯಾಟ್ ಕೊಟ್ಟರೆ ಅದು ಕ್ರಿಕೆಟ್. ಸಾಫ್ಟ್‌ಬಾಲ್ ಅಂದರೆ ಹೆಸರು ಕೇಳಿದವರಿದ್ದಾರೆ, ನೋಡಿದವರು ಕಡಿಮೆ. ಇದು 1887ರಲ್ಲಿ ಶಿಕಾಗೋದಲ್ಲಿ, ಒಂದು ಕಟ್ಟಡದ ಒಳಗೆ ಶುರುವಾದ ಆಟ. 1996ರಿಂದ 2008ರವರೆಗೆ ಮಹಿಳೆಯರ ಸಾಫ್ಟ್‌ಬಾಲ್ ಒಲಿಂಪಿಕ್ಸ್‌ನಲ್ಲಿತ್ತು. ಆಮೇಲೆ ಕೈಬಿಟ್ಟರು. ಟೋಕಿಯೋದಲ್ಲಿ ಮತ್ತೆ ಬಂತು, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಇದೆ. ನಮ್ಮ ದೇಶದ ಶಾಲಾ ಕ್ರೀಡಾಕೂಟಗಳಲ್ಲೂ ಈ ಆಟಕ್ಕೆ ಜಾಗ ಇದೆ.

ಕೋಚ್ ಅಂದರೆ ಶಾಲೆಯ ಪಿ.ಟಿ. ಸರ್. ಅವರು ಕಾಲೇಜು ದಿನಗಳಲ್ಲಿ ಸಾಫ್ಟ್‌ಬಾಲ್ ಆಡಿದವರು. ಆಡಳಿತ ಮಂಡಳಿಯ ಹಿಂದೆ ಬಿದ್ದು ಗ್ಲೌಸ್, ಬ್ಯಾಟ್, ಹೆಲ್ಮೆಟ್ ತರಿಸಿದರು. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ 4ರಿಂದ 7ನೇ ತರಗತಿಯ ಸುಮಾರು 30 ಮಕ್ಕಳು ಹೆಸರು ಕೊಟ್ಟರು. ಹುಡುಗರು, ಹುಡುಗಿಯರು ಎಲ್ಲ ಒಟ್ಟಿಗೆ. ವಾರದಲ್ಲಿ ಎರಡು ಸಂಜೆ, ಮತ್ತೆ ಶನಿವಾರ ಶಾಲೆ ಬಿಟ್ಟ ಮೇಲೆ.

ಮೊದಲ ದಿನಗಳ ಉತ್ಸಾಹವನ್ನು ನೋಡಬೇಕಿತ್ತು. ಗ್ಲೌಸ್ ಹಾಕಿಕೊಳ್ಳಲು ಸಾಲು ನಿಲ್ಲುತ್ತಿದ್ದರು. ಚೆಂಡು ಹೊಡೆದ ಕೂಡಲೇ ಬ್ಯಾಟ್ ಹಿಡಿದುಕೊಂಡೇ ಓಡುವುದು, ಕ್ರಿಕೆಟ್‌ನ ಹಾಗೆ ಹಿಂದಕ್ಕೆ ಹೋದ ಚೆಂಡಿಗೂ ರನ್ ಕೇಳುವುದು, ಎರಡನೇ ಬೇಸ್ ದಾಟಿ ಮುಂದೆ ಓಡಿ ಔಟಾಗುವುದು, ಇವೆಲ್ಲ ನಡೆಯುತ್ತಿತ್ತು. ಬೇಸ್ ಅಂದರೆ ಚೆಂಡು ಹೊಡೆದವರು ಓಡಿ ಮುಟ್ಟಬೇಕಾದ ಗುರುತು. ಮೂರು ಬೇಸ್ ಮುಟ್ಟಿ ಹೊರಟ ಜಾಗಕ್ಕೇ ವಾಪಸ್ ಬಂದರೆ ಒಂದು ರನ್. ಮೊದಲನೇ ಬೇಸ್ ದಾಟಿ ಓಡಬಹುದು, ಎರಡು ಮತ್ತು ಮೂರನೇ ಬೇಸ್ ಮೇಲೆ ಮಾತ್ರ ನಿಲ್ಲಲೇಬೇಕು ಅನ್ನೋದು ಕ್ರಿಕೆಟ್ ಆಡಿದ ಕಾಲುಗಳಿಗೆ ಬೇಗ ಒಗ್ಗುವುದಿಲ್ಲ. ಸರ್ ಸಿಟ್ಟಾಗುತ್ತಿರಲಿಲ್ಲ. ಮತ್ತೆ ಮತ್ತೆ ಹೇಳುತ್ತಿದ್ದರು.

ಪಂಚಮಿ ಹೊತ್ತಿಗೆ ಅರ್ಧ

ಪಂಚಮಿ ಹಬ್ಬ ಬರುವಷ್ಟರಲ್ಲಿ ಅರ್ಧ ಮಕ್ಕಳು ಇರಲಿಲ್ಲ. ಯಾರೂ ಬಿಟ್ಟೆ ಎಂದು ಹೇಳಿ ಹೋಗಲಿಲ್ಲ. ಒಂದು ವಾರ ಜ್ವರ, ಮುಂದಿನ ವಾರ ಟ್ಯೂಷನ್, ಆಮೇಲೆ ಸುದ್ದಿಯೇ ಇಲ್ಲ.

ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು. ಮುಖ್ಯೋಪಾಧ್ಯಾಯಿನಿ, ಪಂದ್ಯ ಗೆದ್ದರೆ ತಾವೇ ಬರುತ್ತಾರೆ ಎಂದರು. ಪಾಲಕರು, ಕ್ರಿಕೆಟ್ ಆದರೆ ಮುಂದೆ ಏನಾದರೂ ಆದೀತು, ಇದರಲ್ಲಿ ಏನಿದೆ ಎಂದರು. ಸರ್‌ಗೆ ಮಕ್ಕಳಲ್ಲಿ ತಾಳ್ಮೆ ಕಡಿಮೆ ಅನ್ನಿಸಿತ್ತು. ಮಕ್ಕಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಮೊದಲು ಮಾಡಿದ್ದು ಟಿ-ಶರ್ಟ್. ಹಿಂದೆ ನಂಬರ್ ಇರುವ ನೀಲಿ ಟಿ-ಶರ್ಟ್ ಕೊಡುತ್ತೇವೆ ಅಂದಾಗ ಬಿಟ್ಟುಹೋದವರಲ್ಲಿ ಕೆಲವರು ವಾಪಸ್ ಬಂದರು. ಟಿ-ಶರ್ಟ್ ಕೈಗೆ ಬಂದ ಮೇಲೆ ಮತ್ತೆ ಕಾಣಲಿಲ್ಲ. ಆಮೇಲೆ ಶಿಸ್ತು. ತಡವಾಗಿ ಬಂದವರು ಮೈದಾನದ ಸುತ್ತ ಎರಡು ರೌಂಡ್ ಓಡಬೇಕು. ಇದರ ಪರಿಣಾಮ ಬೇಗ ಗೊತ್ತಾಯಿತು. ಹತ್ತು ನಿಮಿಷ ತಡವಾದ ಹುಡುಗ ಗೇಟಿನಿಂದಲೇ ಮನೆಗೆ ತಿರುಗುತ್ತಿದ್ದ. ತಡವಾಗಿ ಬರುವ ಮಗು ಬಾರದ ಮಗುವಾಯಿತು, ಅಷ್ಟೇ. ಎಷ್ಟೋ ಮಕ್ಕಳು ತಡವಾಗುವುದು ತಮ್ಮನ್ನ ಮನೆಗೆ ಮುಟ್ಟಿಸಿ ಬರಬೇಕಾದ್ದರಿಂದ, ಅಥವಾ ನೀರು ಬಂದ ದಿನ ಕೊಡ ತುಂಬಿಸಬೇಕಾದ್ದರಿಂದ. ಹುಬ್ಬಳ್ಳಿಯಲ್ಲಿ ನಲ್ಲಿ ನೀರು ಬರುವ ದಿನ ಅಂದರೆ ಮನೆಮಂದಿಗೆಲ್ಲ ಕೆಲಸ, ಗೊತ್ತಲ್ವಾ. ಅದಕ್ಕೆ ಮಗುವನ್ನು ಓಡಿಸಿ ಏನು ಬಂತು?

ಒಂದು ನೋಟ್‌ಬುಕ್

ತಿರುವು ಬಂದದ್ದು ಒಬ್ಬ ತಾಯಿಯಿಂದ. ಮಗಳು ಆಡುವಾಗ ಅವರು ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು. ಮಗಳು ರೈಟ್ ಫೀಲ್ಡ್‌ನಲ್ಲಿ, ಅಂದರೆ ದೂರದ ಬಲ ಮೂಲೆಯಲ್ಲಿ ನಿಲ್ಲುತ್ತಿದ್ದಳು. ಈ ವಯಸ್ಸಿನ ಮಕ್ಕಳ ಆಟದಲ್ಲಿ ಅಲ್ಲಿಗೆ ಚೆಂಡು ಬರುವುದೇ ಅಪರೂಪ. ಯಾಕೆ ಮನಸ್ಸಿಲ್ಲದೆ ಆಡ್ತಿ ಎಂದು ತಾಯಿ ಕೇಳಿದ್ದಕ್ಕೆ ಹುಡುಗಿ ಹೇಳಿದ್ದು: "ಅಲ್ಲಿ ಎಮ್ಮಿ ಕಾಯಾಕ ನಿಂತಂಗ ಆಗತೈತಿ ಅವ್ವಾ."

ಮುಂದಿನ ಶನಿವಾರ ಅವರು ನೋಟ್‌ಬುಕ್ ತಂದರು. ಪ್ರತಿ ಮಗುವಿಗೆ ಫೀಲ್ಡಿಂಗ್‌ಗೊಂದು, ಬ್ಯಾಟಿಂಗ್‌ಗೊಂದು ಸಾಲು. ಚೆಂಡು ಕೈಗೆ ಅಥವಾ ಬ್ಯಾಟಿಗೆ ತಾಗಿದಾಗಲೆಲ್ಲ ಒಂದು ಗೀಟು. ಆಟ ಮುಗಿದಾಗ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಮತ್ತು ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಹಿಡಿಯುವವರು) ಸಾಲುಗಳು ತುಂಬಿ ಪಕ್ಕದ ಪುಟಕ್ಕೆ ಹೋಗಿದ್ದವು. ಔಟ್‌ಫೀಲ್ಡ್‌ನ, ಅಂದರೆ ಬೇಸ್‌ಗಳ ಆಚೆ ದೂರ ನಿಲ್ಲುವ ಮೂವರ ಸಾಲು ಖಾಲಿ. ಒಂದು ತಾಸು ಬಿಸಿಲಲ್ಲಿ ನಿಂತ ಮಕ್ಕಳ ಕೈಗೆ ಒಂದು ಸಲವೂ ಚೆಂಡು ಬಂದಿಲ್ಲ.

ಬ್ಯಾಟಿಂಗ್ ಸಾಲುಗಳು ಇನ್ನೂ ಆಶ್ಚರ್ಯ ಹುಟ್ಟಿಸಿದವು. ಅಲ್ಲಿ ಹೆಚ್ಚಿನ ಮಕ್ಕಳು ಬ್ಯಾಟ್ ಬೀಸಿಯೇ ಇಲ್ಲ. ಪಿಚರ್ ಕೂಡ 10 ವರ್ಷದ ಮಗು. ಕೆಳಗೈಯಿಂದ ಎಸೆದ ಚೆಂಡು ಎಲ್ಲಿಗೋ ಹೋಗುತ್ತದೆ. ನಾಲ್ಕು ಬಾಲ್ ಹೊರಗೆ ಹೋದರೆ ಬ್ಯಾಟರ್‌ಗೆ ಪುಕ್ಕಟೆ ಮೊದಲನೇ ಬೇಸ್. ಹೀಗೆ ಒಬ್ಬರ ಹಿಂದೆ ಒಬ್ಬರು ನಡೆದುಕೊಂಡು ಬೇಸ್ ಸೇರುತ್ತಿದ್ದರು. ಸ್ಕೋರ್ ಏರುತ್ತಿತ್ತು, ಆಟ ನಡೆಯುತ್ತಿರಲಿಲ್ಲ. ಸ್ಕೋರ್ ಬರೆಯುವ ನನಗೆ ರನ್ನುಗಳೇ ಕಾಣುತ್ತಿದ್ದವು. ಈ ಗೀಟುಗಳು ಬೇರೆಯದನ್ನೇ ತೋರಿಸಿದವು.

ಸರ್ ನೋಟ್‌ಬುಕ್ ಮನೆಗೆ ಒಯ್ದರು. ಅವರಿಗೆ ಇದು ಹಿಡಿಸಿರಲಿಲ್ಲ ಅನ್ನೋದು ಮುಖದಲ್ಲೇ ಕಾಣುತ್ತಿತ್ತು. ಅವರು ಕಲಿತ ರೀತಿ ಬೇರೆ. ಮೊದಲು ಸಾಲಾಗಿ ನಿಂತು ಎಸೆಯುವುದು, ಹಿಡಿಯುವುದು, ಆಮೇಲೆ 9 ಜನರ ಪೂರ್ತಿ ಆಟ. ಆದರೆ ಅವರು ಕಾಲೇಜಿಗೆ ಬಂದ ಮೇಲೆ, ಆಸೆಪಟ್ಟು ಈ ಆಟ ಹಿಡಿದವರು. ಇಲ್ಲಿರುವುದು ಒಂಬತ್ತು, ಹತ್ತು ವರ್ಷದ ಮಕ್ಕಳು. ನಾಳೆ ಬರಬೇಕೋ ಬೇಡವೋ ಎಂದು ಪ್ರತಿ ದಿನ ಹೊಸದಾಗಿ ತೀರ್ಮಾನ ಮಾಡುವವರು.

ಏನು ಬದಲಿಸಿದರು

ಮುಂದಿನ ವಾರದಿಂದ ಅಭ್ಯಾಸದಲ್ಲಿ 9 ಜನರ ಆಟ ನಿಂತಿತು. ಮೈದಾನವನ್ನು ಮೂರು ಪಾಲು ಮಾಡಿ ನಾಲ್ಕೈದು ಮಕ್ಕಳ ಗುಂಪು ಮಾಡಿದರು. ಬೇಸ್‌ಗಳಿಗೆ ಗೋಣಿಚೀಲ. ನಿಯಮದ ಪ್ರಕಾರ ಬೇಸ್‌ನಿಂದ ಬೇಸ್‌ಗೆ 60 ಅಡಿ, ಈ ಮಕ್ಕಳಿಗೆ ಅದನ್ನೂ ಹತ್ತಿರ ಮಾಡಿದರು.

ಬ್ಯಾಟಿಂಗ್‌ಗೆ ಟೀ, ಅಂದರೆ ಚೆಂಡು ಇಟ್ಟು ಹೊಡೆಯುವ ಕಂಬ, ಮಾಡಿಸಿದರು. ಪೇಂಟ್ ಡಬ್ಬಿಯಲ್ಲಿ ಸಿಮೆಂಟ್ ತುಂಬಿ, ನಡುವೆ ನೀರಿನ ಪ್ಲಾಸ್ಟಿಕ್ ಪೈಪ್ ನಿಲ್ಲಿಸಿ, ತುದಿಗೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿದ್ದು. ಚೆಂಡು ಅದರ ಮೇಲೆ ಕೂರುತ್ತದೆ, ಮಗು ಹೊಡೆಯುತ್ತದೆ. ಗುಂಪಿನ ಆಟದಲ್ಲಿ ಚೆಂಡು ಎಸೆಯುವುದು ಸರ್ ಅಥವಾ ದೊಡ್ಡ ಮಕ್ಕಳು. ಮೂರು ಎಸೆತದಲ್ಲಿ ಹೊಡೆಯಲು ಆಗದಿದ್ದರೆ ಟೀ ಮೇಲಿಟ್ಟು ಹೊಡೆಯಬೇಕು. ಪುಕ್ಕಟೆ ಬೇಸ್ ಇಲ್ಲ. ಇದರಿಂದ ಎರಡು ಕಡೆ ಲಾಭ. ಬ್ಯಾಟರ್ ಬೀಸಲೇಬೇಕು, ಫೀಲ್ಡರ್‌ಗೆ ಚೆಂಡು ಬಂದೇ ಬರುತ್ತದೆ.

ಪಿಚಿಂಗ್ ಕಲಿಯುವವರಿಗೆ ದೂರ ಕಡಿಮೆ ಮಾಡಿದರು. ದೊಡ್ಡ ಮಹಿಳೆಯರ ಆಟದಲ್ಲಿ ಪಿಚಿಂಗ್ ದೂರ 43 ಅಡಿ, ಗಂಡಸರದು 46. ಅಮೆರಿಕದಲ್ಲಿ 10 ವರ್ಷದೊಳಗಿನ ಹುಡುಗಿಯರಿಗೆ 35 ಅಡಿ, ಚೆಂಡೂ ಚಿಕ್ಕದು, 12 ಇಂಚು ಸುತ್ತಳತೆಯ ಬದಲು 11 ಇಂಚಿನದು. ಈ ಆಟ ಹುಟ್ಟಿದ ದೇಶದಲ್ಲೇ ಮಕ್ಕಳಿಗೆ ಇಷ್ಟು ರಿಯಾಯಿತಿ ಇದೆ. ನಾವು ಮಾತ್ರ ಮೊದಲ ದಿನವೇ ದೊಡ್ಡವರ ಅಳತೆ ಹಾಕಿ ಕೂತಿದ್ದೆವು.

ಹೆಸರು ಸಾಫ್ಟ್‌ಬಾಲ್ ಆದರೂ ಚೆಂಡು ಮೆತ್ತಗಿರುವುದಿಲ್ಲ, ಇದನ್ನು ಪಾಲಕರಿಗೆ ಮೊದಲೇ ಹೇಳಬೇಕು. ಒಬ್ಬ ಹುಡುಗನ ತುಟಿಗೆ ಪೆಟ್ಟಾದ ಮೇಲೆ ನಾಲ್ಕೈದು ಮಕ್ಕಳು ಚೆಂಡು ಬಂದರೆ ಮುಖ ತಿರುಗಿಸುತ್ತಿದ್ದರು. ಹೆದರಬೇಡ ಎಂದು ಎಷ್ಟು ಹೇಳಿದರೂ ಹೆದರಿಕೆ ಹೋಗಲಿಲ್ಲ. ಟೆನಿಸ್ ಬಾಲ್ ಕೊಟ್ಟ ಮೇಲೆ ಹೋಯಿತು. ಯಾವಾಗ ಗಟ್ಟಿ ಚೆಂಡಿಗೆ ಬರಬೇಕು ಅನ್ನೋದನ್ನು ಮಕ್ಕಳಿಗೇ ಬಿಟ್ಟರು. ಒಬ್ಬೊಬ್ಬರಾಗಿ ತಾವೇ ಬಂದು ಕೇಳಿದರು.

ಇನ್ನೊಂದು ತೀರ್ಮಾನ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು ಅಂತ ನನಗನ್ನಿಸುತ್ತದೆ. ಪ್ರತಿ ಅಭ್ಯಾಸದ ಕೊನೆಯ 20 ನಿಮಿಷ ಮಕ್ಕಳದು. ಏನು ಬೇಕಾದರೂ ಆಡಬಹುದು. ಮೊದಲ ದಿನವೇ ಅವರು ಆರಿಸಿದ್ದು ಲಗೋರಿ. ಹೆಂಚಿನ ಚೂರು ಒಂದರ ಮೇಲೊಂದು ಪೇರಿಸಿದರು. ಒಬ್ಬಳು, "ಸರ್, ಪಿಚಿಂಗ್ ಮಾಡಿದಂಗ ಕೆಳಗಿಂದ ಒಗದು ಕೆಡವೋಣ್ರಿ" ಎಂದಳು. ಎರಡನೇ ದಿನ ಹೆಂಚಿನ ಚೂರುಗಳು ಒಂದು ಸ್ಟೂಲಿನ ಮೇಲೆ ಏರಿದವು. ಸಾಫ್ಟ್‌ಬಾಲ್‌ನಲ್ಲಿ ಎಸೆತ ಸ್ಟ್ರೈಕ್, ಅಂದರೆ ಸರಿಯಾದ ಎಸೆತ, ಆಗಬೇಕಾದರೆ ಚೆಂಡು ಬ್ಯಾಟರ್‌ನ ಮೊಣಕಾಲಿನಿಂದ ಕಂಕುಳಿನ ನಡುವೆ ಹೋಗಬೇಕು. ಸ್ಟೂಲಿನ ಮೇಲಿನ ಲಗೋರಿ ಸರಿಯಾಗಿ ಆ ಎತ್ತರಕ್ಕೇ ಬರುತ್ತಿತ್ತು. ತಿಂಗಳುಗಟ್ಟಲೆ ಸಾಲಿನಲ್ಲಿ ನಿಲ್ಲಿಸಿ ಎಸೆಸಿದರೂ ನೇರ ಆಗದ ಕೈಗಳು ಲಗೋರಿ ಕೆಡವುವ ಹಟದಲ್ಲಿ ನೇರವಾದವು. ಸರ್ ಆಮೇಲೆ ಲಗೋರಿಯನ್ನು ಅಭ್ಯಾಸದ ನಡುವೆಯೇ ಸೇರಿಸಲು ನೋಡಿದರು. ಮಕ್ಕಳು ಒಪ್ಪಲಿಲ್ಲ. ಅದು ತಮ್ಮ 20 ನಿಮಿಷದ್ದು ಎಂದು ಜಗಳ ತೆಗೆದರು. ಸರ್ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟದ್ದು ಒಳ್ಳೆಯದೇ ಆಯಿತು.

ಎಡಗೈ ಹುಡುಗಿ

ಗುಂಪಿನಲ್ಲಿ ಒಬ್ಬ ಎಡಚಿ ಹುಡುಗಿ ಇದ್ದಳು, 6ನೇ ತರಗತಿ. ಚೆಂಡು ಹಿಡಿಯುತ್ತಾಳೆ, ಎಸೆಯುವುದು ಮಾತ್ರ ತಡ ಎಂದು ಎಲ್ಲರೂ ಹೇಳುತ್ತಿದ್ದರು. ಅಷ್ಟರಲ್ಲಿ ರನ್ನರ್ ಬೇಸ್ ಸೇರಿರುತ್ತಿದ್ದ. "ಲಗೂ ಒಗಿಯವಾ!" ಎಂದು ಉಳಿದವರು ಕೂಗುತ್ತಿದ್ದರು.

ಚಿಕ್ಕ ಗುಂಪು ಮಾಡಿದ ಮೇಲೆ ಅವಳನ್ನು ಹತ್ತಿರದಿಂದ ನೋಡಲು ಆಯಿತು. ಚೆಂಡನ್ನು ಎಡಗೈ ಗ್ಲೌಸ್‌ನಲ್ಲಿ ಹಿಡಿಯುತ್ತಾಳೆ. ಬಲಗೈಯಿಂದ ಚೆಂಡು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಾಳೆ. ಗ್ಲೌಸ್ ಬಿಚ್ಚಿ ಕೆಳಗೆ ಹಾಕುತ್ತಾಳೆ. ಆಮೇಲೆ ಎಡಗೈಯಿಂದ ಎಸೆಯುತ್ತಾಳೆ. ಇಷ್ಟನ್ನೂ ಎಷ್ಟು ಚುರುಕಾಗಿ ಮಾಡುತ್ತಿದ್ದಳೆಂದರೆ ದೂರದಿಂದ ಬರೀ ಸ್ವಲ್ಪ ತಡ ಎಂದು ಕಾಣುತ್ತಿತ್ತು. ಶಾಲೆಗೆ ಬಂದ ಗ್ಲೌಸ್‌ಗಳೆಲ್ಲ ಬಲಗೈಯಿಂದ ಎಸೆಯುವವರಿಗಾಗಿ, ಅಂದರೆ ಎಡಗೈಗೆ ಹಾಕುವಂಥವು. ಅವಳಿಗೆ ಬೇಕಾದ್ದು ಬಲಗೈಗೆ ಹಾಕುವ ಗ್ಲೌಸ್. ಅಂಥದ್ದೊಂದು ಇದೆ ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ. ಹಾಗಾಗಿ ಕೇಳಿಯೂ ಇರಲಿಲ್ಲ.

ಹುಬ್ಬಳ್ಳಿ ಅಂಗಡಿಗಳಲ್ಲಿ ಸಿಗಲಿಲ್ಲ. ಕ್ರೀಡಾ ಸಾಮಾನು ಹೆಚ್ಚಾಗಿ ತಯಾರಾಗುವುದು ಮೀರತ್, ಜಲಂಧರ್ ಕಡೆ. ಅಂಗಡಿಯವರಿಗೆ ಹೇಳಿ ಅಲ್ಲಿಂದ ತರಿಸಿದರು. ಗ್ಲೌಸ್ ಬಂದ ದಿನ ಅವಳು ಹಿಡಿದ ಚೆಂಡು ಮೊದಲನೇ ಬೇಸ್‌ಗೆ ಹೋದ ವೇಗಕ್ಕೆ ಬೇಸ್‌ನಲ್ಲಿದ್ದವನೇ ಬಿಟ್ಟುಬಿಟ್ಟ. ಈಗ ಅವಳೇ ಮೊದಲನೇ ಬೇಸ್‌ನಲ್ಲಿ ನಿಲ್ಲುತ್ತಾಳೆ. ಎಡಗೈಯವರಿಗೆ ಹೇಳಿ ಮಾಡಿಸಿದ ಜಾಗ ಅದು. ತಂಡ ಕಟ್ಟುವವರು ಸಾಮಾನು ಆರ್ಡರ್ ಮಾಡುವ ಮುಂಚೆ ಎಡಗೈಯವರು ಎಷ್ಟಿದ್ದಾರೆ ಎಂದು ಒಂದು ಸಲ ಕೇಳಿ, ಅಷ್ಟೇ ಸಾಕು.

ಎರೆಮಣ್ಣು ಮತ್ತು ಮಳೆ

ಮೈದಾನದ್ದು ಎರೆಮಣ್ಣು. ಮಳೆ ಬಿದ್ದರೆ ಬೂಟಿಗೆ ಅಂಟಿ ಕಾಲು ಎತ್ತಲು ಬರುವುದಿಲ್ಲ. ಮೊದಲು ಮಳೆ ಬಂದ ದಿನ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು. ಜಿಟಿಜಿಟಿ ಹಿಡಿದರೆ ವಾರಪೂರ್ತಿ ಅಭ್ಯಾಸವಿಲ್ಲ. ಅಷ್ಟರಲ್ಲಿ ರೂಢಿ ತಪ್ಪುತ್ತಿತ್ತು.

ಆಮೇಲೆ ಶಾಲೆಯ ಸಭಾಂಗಣದಲ್ಲಿ ಕುರ್ಚಿ ಸರಿಸಿ ಬೇಸ್‌ಬಾಲ್5 ಶುರುಮಾಡಿದರು. ಐವರ ತಂಡ, ಐದು ಇನಿಂಗ್ಸ್. ಬ್ಯಾಟ್ ಇಲ್ಲ, ಗ್ಲೌಸ್ ಇಲ್ಲ. ಒಂದು ರಬ್ಬರ್ ಚೆಂಡು. ಬ್ಯಾಟರ್ ತಾನೇ ಚೆಂಡು ಹಿಡಿದು ಕೈಯಿಂದ ಹೊಡೆದು ಓಡಬೇಕು. ಅಂತರರಾಷ್ಟ್ರೀಯ ಬೇಸ್‌ಬಾಲ್-ಸಾಫ್ಟ್‌ಬಾಲ್ ಒಕ್ಕೂಟವೇ ರೂಪಿಸಿದ ಆಟ ಇದು, ಹುಡುಗರು ಹುಡುಗಿಯರು ಒಂದೇ ತಂಡದಲ್ಲಿ ಆಡುವಂಥದ್ದು. 2026ರ ಡಾಕರ್ ಯೂತ್ ಒಲಿಂಪಿಕ್ಸ್ ಪಟ್ಟಿಯಲ್ಲೂ ಇದೆ. ಖರ್ಚಿಲ್ಲದ ಆಟ, ಚೆಂಡು ಎಲ್ಲರಿಗೂ ಬರುತ್ತದೆ, ಬೇಸ್ ನಿಯಮಗಳು ತಾವಾಗಿಯೇ ತಲೆಗೆ ಹೋಗುತ್ತವೆ. ಮಳೆ ನಿಂತ ಮೇಲೂ ಕೆಲವರು ಅದನ್ನೇ ಕೇಳುತ್ತಿದ್ದರು.

ಬೇಲಿಯ ಆಚೆ ನಿಂತವರು

ಒಬ್ಬ ಹುಡುಗ ಚೆನ್ನಾಗಿ ಆಡುತ್ತಿದ್ದ, ಆದರೂ ಶನಿವಾರ ಮಾತ್ರ ಬರುತ್ತಿರಲಿಲ್ಲ. ಶನಿವಾರ ಅಪ್ಪ ಬಂದು ನೋಡುವ ದಿನ. ಅಪ್ಪ ಕ್ರಿಕೆಟ್ ಆಡಿದವರು, ಮಗನ ಮೇಲೆ ತುಂಬ ಆಸೆ. ಬೇಲಿಯ ಆಚೆಯಿಂದ "ಕಾಲು ಮುಂದ ಹಾಕು", "ನೋಡಿ ಹೊಡಿ", "ಅದನ್ಯಾಕ ಬಿಟ್ಟಿ" ಎಂದು ಹೇಳುತ್ತಲೇ ಇರುತ್ತಿದ್ದರು. ಸರ್ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದರು. ಅವನು ಹೇಳಿದ್ದು: "ಆಡೋದು ಚಲೋ ಅನಸ್ತೈತ್ರಿ ಸರ್. ಆಡಿ ಮನಿಗೆ ಗಾಡಿ ಮ್ಯಾಲೆ ಹೋಗೋದ ಬ್ಯಾಸರ." ಬೈಕಿನ ಮೇಲೆ ಮನೆ ಮುಟ್ಟುವವರೆಗೆ ಅಪ್ಪ ಅವನ ಒಂದೊಂದು ತಪ್ಪನ್ನೂ ತೆಗೆಯುತ್ತಿದ್ದರು.

ಸರ್ ತಂದೆಯನ್ನು ದೂರ ಇಡಲಿಲ್ಲ. "ನೀವು ಆಟ ಬಲ್ಲವರು, ನಮಗ ಒಬ್ಬರು ಅಂಪೈರ್ ಬೇಕಾಗ್ಯಾರ" ಎಂದು ಮೂರನೇ ಬೇಸ್ ಹತ್ತಿರ ನಿಲ್ಲಿಸಿದರು. ಅಂಪೈರ್ ಆದ ಮೇಲೆ ಯಾರಿಗೂ ಸಲಹೆ ಕೊಡುವಂತಿಲ್ಲ. ನಿಯಮ ಓದಲೇಬೇಕಾಯಿತು. ಓದಿದ ಮೇಲೆ ಅವರಿಗೇ ಆಟದ ರುಚಿ ಹತ್ತಿತು. ಉಳಿದ ಪಾಲಕರಿಗೂ ಒಂದು ಮಾತು ಹೇಳಿದರು: ಚಪ್ಪಾಳೆ ಎಷ್ಟು ಬೇಕಾದರೂ ಹೊಡೆಯಿರಿ, ಹೇಗೆ ಆಡಬೇಕು ಅನ್ನೋದನ್ನು ಮೈದಾನದಲ್ಲಿ ಒಬ್ಬರೇ ಹೇಳಲಿ. ಮನೆಗೆ ಹೋಗುವಾಗ ಆಟದ ವಿಷಯ ಮಗು ತೆಗೆದರೆ ಮಾತ್ರ ಮಾತಾಡಿ. ಎಲ್ಲರೂ ಪಾಲಿಸಿದರು ಅಂತ ಹೇಳಲಾರೆ. ಆದರೆ ಆ ಹುಡುಗ ಶನಿವಾರ ಬರತೊಡಗಿದ.

ಪಂದ್ಯದ ದಿನದ ತೀರ್ಮಾನ

ದೀಪಾವಳಿ ಮುಗಿದ ಮೇಲೆ ಧಾರವಾಡದ ಒಂದು ತಂಡದ ಜೊತೆ ಸೌಹಾರ್ದ ಪಂದ್ಯ ಇಟ್ಟರು. ಆ ಮಕ್ಕಳು ಚಿಗರಿ ಬಸ್ಸಿನಲ್ಲಿ ಬಂದಿಳಿದರು. ಇಬ್ಬರು ಕೋಚ್‌ಗಳೂ ಮೊದಲೇ ಮಾತಾಡಿಕೊಂಡಿದ್ದರು: ಬಂದ ಮಕ್ಕಳೆಲ್ಲ ಬ್ಯಾಟ್ ಮಾಡಬೇಕು, ಪ್ರತಿ ಇನಿಂಗ್ಸ್‌ಗೆ ಜಾಗ ಬದಲಾಗಬೇಕು, 7 ಇನಿಂಗ್ಸ್ ಬದಲು 5.

ಕೊನೆಯ ಇನಿಂಗ್ಸ್‌ಗೆ ನಮ್ಮವರು ಒಂದು ರನ್ ಮುಂದೆ. ಸರದಿ ಪ್ರಕಾರ ಪಿಚಿಂಗ್ ಮಾಡಬೇಕಾದವಳು ಹೊಸದಾಗಿ ಕಲಿತ ಹುಡುಗಿ, ಆ ಮೂಲೆಯಲ್ಲಿ ಬೇಸರದಿಂದ ನಿಲ್ಲುತ್ತಿದ್ದವಳು. ತಂಡದ ಅತಿ ಒಳ್ಳೆಯ ಪಿಚರ್ ಹುಡುಗ ಪಕ್ಕದಲ್ಲೇ ಇದ್ದ. "ಸರ್, ನಾ ಹಾಕ್ತೀನ್ರಿ, ಗೆಲ್ತೀವಿ" ಎಂದ. ಪಾಲಕರೂ ಹಾಗೇ ಹೇಳಿದರು. ಸರ್ ಸ್ವಲ್ಪ ಹೊತ್ತು ಸುಮ್ನೆ ನಿಂತು, ಚೆಂಡನ್ನು ಹುಡುಗಿಗೆ ಕೊಟ್ಟರು.

ಸೋತರು. ಅವಳು ಇಬ್ಬರನ್ನು ಔಟ್ ಮಾಡಿದಳು, ಆದರೆ ಅಷ್ಟರಲ್ಲಿ ಎರಡು ರನ್ ಹೋಗಿದ್ದವು.

ಈ ತೀರ್ಮಾನಕ್ಕೆ ಬೆಲೆ ತೆರಬೇಕಾಯಿತು. ಪಿಚರ್ ಹುಡುಗ ಎರಡು ವಾರದಲ್ಲಿ ಕ್ರಿಕೆಟ್ ಕ್ಯಾಂಪ್ ಸೇರಿದ, ತಿರುಗಿ ಬರಲಿಲ್ಲ. ಅವನ ತಾಯಿ ಹೇಳಿದ ಮಾತು ನ್ಯಾಯವಾದದ್ದೇ: ಆಟ ಬಾರದವರಿಗೆ ಅವಕಾಶ ಕೊಡ್ತೀರಿ, ಆಟ ಬರುವವನಿಗೆ ಏನು ಕೊಟ್ಟಿರಿ? ನನ್ನ ಪ್ರಕಾರ ಪಂದ್ಯದ ದಿನ ಸರ್ ಮಾಡಿದ್ದು ಸರಿ. ಮಕ್ಕಳಿಗೆ ಕೊಟ್ಟ ಮಾತು ಗೆಲುವು ಎದುರಿಗೆ ಕಂಡಾಗ ಬದಲಾದರೆ, ಮುಂದೆ ಯಾವ ಮಗುವೂ ಆ ಮಾತನ್ನು ನಂಬುವುದಿಲ್ಲ. ಸೋತ ಮರುವಾರ ಒಬ್ಬರೂ ತಪ್ಪಿಸಲಿಲ್ಲ, ಹೊಸದಾಗಿ ಇಬ್ಬರು ಬಂದರು. ಆದರೆ ಜೋರಾಗಿ ಆಡಿ ಗೆಲ್ಲಬೇಕು ಎಂಬ ಹಸಿವಿರುವ ಮಗುವಿಗೂ ಒಂದು ಜಾಗ ಬೇಕಲ್ವಾ? ಆ ಜಾಗ ಇಲ್ಲಿ ಇರಲಿಲ್ಲ. ಅವನು ಹೋದ ಮೇಲೆ ಭಾನುವಾರ ಬೆಳಗ್ಗೆ ಒಂದು ತಾಸು ಹೆಚ್ಚಿನ ಅಭ್ಯಾಸ ಇಟ್ಟರು. ಯಾರು ಬೇಕಾದರೂ ಬರಬಹುದು, ಆದರೆ ಅಲ್ಲಿ ಪೂರ್ತಿ ನಿಯಮ, ಪೂರ್ತಿ ದೂರ, ಗಟ್ಟಿ ಚೆಂಡು. ಇದು ಮೊದಲೇ ಇದ್ದಿದ್ದರೆ ಅವನು ಉಳಿಯುತ್ತಿದ್ದ ಅಂತ ನನಗನ್ನಿಸುತ್ತದೆ.

ಎಲ್ಲಿಗೆ ಬಂತು

ವರ್ಷದ ಕೊನೆಗೆ ಮಕ್ಕಳ ಸಂಖ್ಯೆ ಮತ್ತೆ 25ರ ಹತ್ತಿರ ಬಂತು. ಜೂನ್‌ನಲ್ಲಿ ಬಂದವರೆಲ್ಲ ತಿರುಗಿ ಬರಲಿಲ್ಲ. ಕೆಲವರಿಗೆ ನಿಜವಾಗಿಯೂ ಬೇರೆ ಆಟ ಇಷ್ಟ, ಅವರು ಖೊಖೊಗೆ ಹೋದರು. ಅದು ನಷ್ಟವೇನಲ್ಲ. ನೋಟ್‌ಬುಕ್ ಈಗಲೂ ಇದೆ. ತಿಂಗಳಿಗೊಮ್ಮೆ ಯಾರಾದರೂ ಒಬ್ಬ ಪಾಲಕರು ಗೀಟು ಹಾಕುತ್ತಾರೆ. ಖಾಲಿ ಸಾಲು ಕಂಡರೆ ಮುಂದಿನ ವಾರ ಆ ಮಗುವಿನಿಂದಲೇ ಆಟ ಶುರು. ಯಾರಿಗೆ ಬೇಸರ ಹಿಡಿಯುತ್ತಿದೆ ಅನ್ನೋದು ಹಾಜರಿ ಪುಸ್ತಕದಲ್ಲಿ ಕಾಣುವ ಎಷ್ಟೋ ದಿನ ಮುಂಚೆ ಅಲ್ಲಿ ಕಾಣುತ್ತದೆ.

ಬಗೆಹರಿಯದ ವಿಷಯ ಒಂದಿದೆ. 7ನೇ ತರಗತಿ ಮುಗಿಸಿದ ಹುಡುಗಿಯರು. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಮನೆಯವರು ಕಳಿಸಲು ಹಿಂದೆ ಮುಂದೆ ನೋಡುತ್ತಾರೆ. ಮೈದಾನದ ಹತ್ತಿರದ ಶೌಚಾಲಯಕ್ಕೆ ಸಂಜೆ ಬೀಗ. ಈ ಎರಡರ ಮುಂದೆ ಟೀ, ಲಗೋರಿ, ಗ್ಲೌಸ್ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಸದ್ಯಕ್ಕೆ ಅಭ್ಯಾಸವನ್ನು ಶಾಲೆ ಬಿಟ್ಟ ಕೂಡಲೇ ಶುರುಮಾಡಿ 5:45ಕ್ಕೆ ಮುಗಿಸುತ್ತಾರೆ. ಬೀಗದ ಕೈ ನೋಟ್‌ಬುಕ್ ತಂದ ಆ ತಾಯಿಯ ಹತ್ತಿರ ಇದೆ. ಒಂದೇ ಓಣಿಯ ಹುಡುಗಿಯರು ಗುಂಪಾಗಿ ಹೋಗುವ ಹಾಗೆ ಮೂವರು ತಾಯಂದಿರು ಪಾಳಿ ಹಚ್ಚಿಕೊಂಡಿದ್ದಾರೆ. 8ನೇ ತರಗತಿಗೆ ಬಂದ ನಾಲ್ವರು ಹುಡುಗಿಯರಲ್ಲಿ ಮೂವರು ಈ ವರ್ಷ ಆಡುತ್ತಿದ್ದಾರೆ. ನಾಲ್ಕನೆಯವಳ ಮನೆಗೆ ಸರ್ ಮತ್ತು ಮುಖ್ಯೋಪಾಧ್ಯಾಯಿನಿ ಹೋಗಿ ಬಂದರು. ದಸರಾ ರಜೆ ಆದ ಮೇಲೆ ನೋಡೋಣ ಎಂದು ಅವಳ ಅಜ್ಜಿ ಹೇಳಿದ್ದಾರೆ.